ಪೆರಿ ಮಿನಿಯೇಚರ್ಸ್‌ನ ಫ್ರೆಂಚ್ ಭಾರಿ ಅಶ್ವದಳ: ಬಣ್ಣ ಹಚ್ಚುವವರಿಗೊಂದು ವಿಮರ್ಶೆ

ಇಂಗ್ಲೆಂಡಿನ ಅವಳಿ ಶಿಲ್ಪಿಗಳಾದ ಮೈಕೇಲ್ ಮತ್ತು ಅಲನ್ ಪೆರಿ ಅವರ ಸಂಸ್ಥೆಯ ಈ ಪೆಟ್ಟಿಗೆಯಲ್ಲಿ, 1812ರಿಂದ 1815ರವರೆಗಿನ ನೆಪೋಲಿಯನ್ ಸೇನೆಯ 14 ಭಾರಿ ಸವಾರರು 28 ಮಿ.ಮೀ. ಅಳತೆಯ ಪ್ಲಾಸ್ಟಿಕ್ ಬಿಡಿಭಾಗಗಳಾಗಿ ದೊರೆಯುತ್ತಾರೆ. ಇವರನ್ನು ಕ್ಯುರಾಸಿಯರ್‌ಗಳಾಗಿಯೂ (ಉಕ್ಕಿನ ಕವಚ ತೊಟ್ಟ ಸವಾರರು) ಜೋಡಿಸಬಹುದು, ಕ್ಯಾರಬಿನಿಯರ್‌ಗಳಾಗಿಯೂ (ಹೊಂಬಣ್ಣದ ಕವಚ ತೊಟ್ಟ ಸವಾರರು) ಜೋಡಿಸಬಹುದು. ಮೇಜಿನ ಮೇಲಿನ ಯುದ್ಧದಾಟಕ್ಕೆ ದಳ ಕಟ್ಟುವವರಿಗೆ ಇದು ಬಹಳ ಅನುಕೂಲ. ಆದರೆ ನನ್ನ ಮಟ್ಟಿಗೆ ಇದರ ನಿಜವಾದ ಹೆಚ್ಚುಗಾರಿಕೆ ಇರುವುದು ಕೆತ್ತನೆಯ ಅಂಚುಗಳಲ್ಲಿ.

ಕ್ಯುರಾಸಿಯರ್‌ನ ಎದೆಗವಚವನ್ನೇ ನೋಡಿ. ಉಕ್ಕಿನ ಕವಚದ ತೋಳು ಮತ್ತು ಕತ್ತಿನ ಅಂಚುಗಳಲ್ಲಿ ಬಿಳಿ ಪಟ್ಟಿಯುಳ್ಳ ಕೆಂಪು ಬಟ್ಟೆಯ ಒಳಪದರ ಹೊರಗಿಣುಕುತ್ತದೆ. ಈ ಅಂಚು ಸ್ಪಷ್ಟವಾಗಿ ಉಬ್ಬಿರುವುದರಿಂದ ಬ್ರಷ್ಷಿನ ಮೊನೆ ದಾರಿ ತಪ್ಪದೆ ಅದರ ಮೇಲೇ ಸಾಗುತ್ತದೆ. ಕಪ್ಪು ಪ್ರೈಮರ್ (ಮೊದಲ ತಳಪದರ), ಅದರ ಮೇಲೆ ಕಡು ಉಕ್ಕಿನ ಬಣ್ಣ, ಸಂದುಗಳಿಗೆ ತೆಳುವಾದ ಕಪ್ಪು ವಾಶ್ (ಸಂದುಗಳಿಗೆ ಇಳಿಯುವ ನೀರು ಬಣ್ಣ), ಕೊನೆಗೆ ಎದೆಯ ನಡುಗೆರೆಯ ಮೇಲೆ ಮಾತ್ರ ಬೆಳ್ಳಿ: ಲೋಹ ಹೊಳೆಯಲು ಇಷ್ಟು ಸಾಕು. ಕವಚವನ್ನು ಪೂರ್ತಿ ಬೆಳ್ಳಿಯಲ್ಲಿ ಮುಳುಗಿಸಿದರೆ ಅದರ ಭಾರವೇ ಕಳೆದುಹೋಗುತ್ತದೆ. ರೆಜಿಮೆಂಟಿನ ಗುರುತು ಮಾತ್ರ ಕೊರಳಪಟ್ಟಿಯಂಥ ಸಣ್ಣ ಜಾಗಗಳಲ್ಲಿದೆ. ಕಡುನೀಲಿ ಅಂಗಿಯ ಮೇಲೆ ಈ ಗುರುತಿನ ಬಣ್ಣ 1ರಿಂದ 3ನೆಯ ರೆಜಿಮೆಂಟಿಗೆ ಕಡುಗೆಂಪು, 7ರಿಂದ 9ಕ್ಕೆ ಹಳದಿ, 10ರಿಂದ 12ಕ್ಕೆ ಗುಲಾಬಿ. ದೂರದಿಂದಲೂ ಎದ್ದು ಕಾಣುವ ಹಳದಿಯನ್ನೇ ನಾನು ಆರಿಸಿಕೊಂಡೆ.

ಬಣ್ಣದ ಬಹುಪಾಲು ಸಮಯವನ್ನು ಕುದುರೆಗಳಿಗೇ ಕೊಡಬೇಕು, ಏಕೆಂದರೆ ಮೇಜಿನ ಮೇಲೆ ಮೊದಲು ಕಣ್ಣಿಗೆ ಬೀಳುವುದು ಅವೇ. ಪ್ಲಾಸ್ಟಿಕ್ ಕುದುರೆಗಳು ಸಾಮಾನ್ಯವಾಗಿ ಎರಡು ಹೋಳುಗಳಾಗಿ ಬರುವುದರಿಂದ, ಬೆನ್ನಿನ ಮತ್ತು ಹೊಟ್ಟೆಯ ಸಂದುಗಳನ್ನು ಪುಟ್ಟಿಯಿಂದ ತುಂಬಿ ಉಜ್ಜಿದ ಮೇಲಷ್ಟೇ ಪ್ರೈಮರ್ ಹಾಕುವುದು ಒಳ್ಳೆಯದು. ಕಂದು ಮೈ, ಕಪ್ಪು ಕಾಲು, ಕಪ್ಪು ಬಾಲದ ಕುದುರೆಗಳ ನಡುವೆ ಕೆಲವು ಪೂರ್ತಿ ಕಪ್ಪು ಕುದುರೆಗಳನ್ನು ಬೆರೆಸಿದರೆ ದಳಕ್ಕೆ ಗಾಂಭೀರ್ಯ ಬರುತ್ತದೆ. ಬೂದು ಕುದುರೆಯನ್ನು ಕಹಳೆಗಾರನಿಗೆ ಮೀಸಲಿಡಿ. ಜೀನಿನ ಮೇಲಿನ ಕುರಿತುಪ್ಪಟಕ್ಕೆ ನೇರ ಬಿಳಿ ಹಚ್ಚದೆ, ಮಾಸಲು ಬಣ್ಣದಿಂದ ತೊಡಗಿ ಒಣಬ್ರಷ್ಷಿನಲ್ಲಿ (ಬಣ್ಣವನ್ನು ಬಹುತೇಕ ಒರೆಸಿದ ಬ್ರಷ್ಷು) ಮೇಲ್ಪದರವನ್ನಷ್ಟೇ ತಿಳಿಗೊಳಿಸುತ್ತ ಹೋಗಬೇಕು.

ಕ್ಯಾರಬಿನಿಯರ್‌ಗಳ ಕೆಲಸ ಇದಕ್ಕಿಂತ ಕಷ್ಟದ್ದು. ಬಿಳಿ ಅಂಗಿ, ಹೊಂಬಣ್ಣದ ಕವಚ, ಶಿರಸ್ತ್ರಾಣದ ಮೇಲೆ ಕೆಂಪು ತುರಾಯಿ. ಬಿಳಿಯ ಪಕ್ಕದಲ್ಲಿ ಹಿತ್ತಾಳೆಯ ವಾಶ್ ಸ್ವಲ್ಪ ಹರಡಿದರೂ ಕಲೆ ಉಳಿಯುತ್ತದೆ. ಪ್ಯಾರಿಸ್ಸಿನ ಸೇನಾ ವಸ್ತುಸಂಗ್ರಹಾಲಯದಲ್ಲಿ, ವಾಟರ್ಲೂ ಕದನದಲ್ಲಿ ಫಿರಂಗಿ ಗುಂಡು ತೂರಿಹೋದ ಕ್ಯಾರಬಿನಿಯರ್ ಫೋವೋನ ಕವಚವಿದೆ. ಅದರ ಚಿತ್ರವನ್ನು ಎದುರಿಗಿಟ್ಟುಕೊಂಡು ಬಣ್ಣ ಬೆರೆಸಿದರೆ ಹಿತ್ತಾಳೆಯ ಛಾಯೆ ಸರಿಯಾಗಿ ಹಿಡಿತಕ್ಕೆ ಬರುತ್ತದೆ.

ಹೊಸಬರು ಕ್ಯುರಾಸಿಯರ್‌ಗಳಿಂದಲೇ ಆರಂಭಿಸಲಿ ಎಂಬುದು ನನ್ನ ಸಲಹೆ. ಹಸಿರು ಸಮವಸ್ತ್ರದ ಪಟ್ಟಿಗಳ ತುಂಬ ಸೂಕ್ಷ್ಮ ಕಸೂತಿ ಬೇಡುವ 1812ರ ಕಹಳೆಗಾರನನ್ನು, ಉಳಿದ ಸವಾರರೆಲ್ಲ ಮುಗಿದು ಕೈ ಪಳಗಿದ ಮೇಲೆ ಎತ್ತಿಕೊಳ್ಳಲಿ.