ಕ್ವೀನ್ ಎಲಿಜಬೆತ್ 2: ಅಪ್ಪನಿಗೆ ಸಿಗದ ಗುಂಡು ಕಿಟಕಿ

ಹೋದ ಡಿಸೆಂಬರ್‌ನಲ್ಲಿ ದುಬೈಗೆ ಹೋಗಿದ್ದಾಗ ಎರಡು ರಾತ್ರಿ ಹಡಗಿನಲ್ಲಿ ಮಲಗಿದೆ. ಹಡಗು ನಿಂತಲ್ಲೇ ನಿಂತಿತ್ತು. ಪೋರ್ಟ್ ರಶೀದ್‌ನಲ್ಲಿ ಅದನ್ನು ದಡಕ್ಕೆ ಕಟ್ಟಿದ್ದಾರೆ. 2018ರ ಏಪ್ರಿಲ್‌ನಿಂದ ಅದು ಹೋಟೆಲ್. ಹೆಸರು ಕ್ವೀನ್ ಎಲಿಜಬೆತ್ 2. ಎಲ್ಲರೂ ಕರೆಯೋದು ಕ್ಯೂಇ2 ಅಂತ. 2002ರಲ್ಲಿ ಇದೇ ಹಡಗಿನಲ್ಲಿ ನಾನು ಮತ್ತು ಅಪ್ಪ ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಹೋಗಿದ್ದೆವು. ಹೋಟೆಲ್ ಹೇಗಿದೆ ಅಂತ ಹೇಳೋಕೆ ಮುಂಚೆ ಆ ಪ್ರಯಾಣದ ಕತೆ ಹೇಳಲೇಬೇಕು.

ಅಪ್ಪ ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರದಲ್ಲಿ ಕೆಲಸ ಮಾಡಿ ರಿಟೈರ್ ಆದವರು. ನಾನಾಗ ಇಂಗ್ಲೆಂಡಿನಲ್ಲಿದ್ದೆ, ತಮ್ಮ ನ್ಯೂಜೆರ್ಸಿಯಲ್ಲಿ. ಅಪ್ಪ ಮೊದಲ ಸಲ ವಿಮಾನ ಹತ್ತಿ ನನ್ನ ಮನೆಗೆ ಬಂದರು. ಇಳಿಯುವ ಹೊತ್ತಿಗೆ ಕಿವಿನೋವು ತಡೆಯೋಕಾಗದಷ್ಟು ಜಾಸ್ತಿಯಾಗಿತ್ತು. ಸದ್ಯಕ್ಕೆ ಇನ್ನೊಂದು ವಿಮಾನ ಬೇಡ ಅಂದರು ಡಾಕ್ಟರು. ಮೊಮ್ಮಗನನ್ನು ನೋಡದೆ ಊರಿಗೆ ಹೋಗೋದಿಲ್ಲ ಅಂತ ಅಪ್ಪ ಕೂತರು. ಆಗ ಹಡಗಿನ ಯೋಚನೆ ಬಂತು. ಟಿಕೆಟ್ ಅಗ್ಗವಾಗಿರಲಿಲ್ಲ. ಆದರೂ ನಾನು ಖರ್ಚು ಮಾಡಿದ ದುಡ್ಡಿನಲ್ಲಿ ಅಷ್ಟು ಸಾರ್ಥಕವಾದದ್ದು ಬೇರೆ ಇಲ್ಲ.

ಸಮುದ್ರ ಕಾಣುವ ಕೋಣೆ ಅಂತ ಏಜೆಂಟ್ ಹೇಳಿದ್ದರು. ಹೋಗಿ ಬಾಗಿಲು ತೆಗೆದರೆ ಕಿಟಕಿಯೇ ಇಲ್ಲ! ಕೆಳಗಿನ ಡೆಕ್‌ನ ಒಳಗಿನ ಕೋಣೆ. ಹಡಗು ಭರ್ತಿಯಾಗಿತ್ತು, ಬದಲಾಯಿಸುವ ಹಾಗಿರಲಿಲ್ಲ. ನನಗೆ ಅಳುವೇ ಬಂತು. ಗುಂಡು ಕಿಟಕಿ ನೋಡಬೇಕು ಅಂತ ಅಪ್ಪ ವಾರದಿಂದ ಹೇಳ್ತಾ ಇದ್ದರು. ಅವರು ಮಾತ್ರ ಚಪ್ಪಲಿ ಬಿಟ್ಟು, ಮಂಚದ ಮೇಲೆ ಕೂತು, ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದರು. "ಕೂಸೇ, ಇಲ್ಲಿ ಕೈ ಇಡು. ಮಷಿನ್ ಇಲ್ಲೇ ಕೆಳಗೆ ಎಲ್ಲೋ ಇದೆ" ಅಂದರು.

ಕೈ ಇಟ್ಟೆ. ಸಣ್ಣ ನಡುಕ. ಕಿವಿಗಿಂತ ಮೊದಲು ಮೂಳೆಗೆ ತಿಳಿಯುವಂಥದ್ದು. ಆರು ರಾತ್ರಿಯೂ ಅದು ನಿಲ್ಲಲಿಲ್ಲ. ಬಾತ್‌ರೂಮಿನ ಗಾಜಿನ ಲೋಟ ಅದಕ್ಕೆ ತಾಳ ಹಾಕುತ್ತಿತ್ತು. ಅಪ್ಪ ಅದರ ಕೆಳಗೆ ಕರವಸ್ತ್ರ ಮಡಚಿಟ್ಟರು.

ಎಂಜಿನ್ ರೂಮಿಗೆ ಪ್ರಯಾಣಿಕರನ್ನು ಬಿಡೋದಿಲ್ಲ ಅಂತ ಗೊತ್ತಾದಾಗ ಅಪ್ಪನ ಮುಖ ಸಣ್ಣದಾಯಿತು. ಅದನ್ನು ಸರಿಮಾಡಿದ್ದು ನಮ್ಮ ಊಟದ ಮೇಜಿನ ಸ್ಕಾಟ್ಲೆಂಡ್ ಅಜ್ಜ. ಈ ಹಡಗು ಹುಟ್ಟಿದ್ದು ಕ್ಲೈಡ್‌ಬ್ಯಾಂಕಿನ ಜಾನ್ ಬ್ರೌನ್ ಯಾರ್ಡಿನಲ್ಲಿ. 1967ರ ಸೆಪ್ಟೆಂಬರ್ 20ರಂದು ರಾಣಿಯೇ ಬಂದು ಹೆಸರಿಟ್ಟು ನೀರಿಗೆ ಇಳಿಸಿದಳು. ಅಜ್ಜ ಆಗ ಅದೇ ಯಾರ್ಡಿನಲ್ಲಿ ಬಡಗಿ. ಅಲ್ಲಿಯವರೆಗೆ ಅದಕ್ಕೆ ಹೆಸರಿರಲಿಲ್ಲ, ಕೆಲಸದ ನಂಬರು 736 ಅಷ್ಟೇ. ಅವರು ಇನ್ನೂ ಅದನ್ನು 736 ಅಂತಲೇ ಕರೆಯುತ್ತಿದ್ದರು. ಅಪ್ಪನ ಇಂಗ್ಲಿಷ್ ಅಷ್ಟಕ್ಕಷ್ಟೇ, ಅಜ್ಜನ ಇಂಗ್ಲಿಷ್ ನನಗೇ ಅರ್ಧ ತಿಳಿಯುತ್ತಿರಲಿಲ್ಲ. ಆದರೂ ಇಬ್ಬರೂ ಊಟದ ನಂತರ ಗಂಟೆಗಟ್ಟಲೆ ಕೂರುತ್ತಿದ್ದರು. ನ್ಯಾಪ್‌ಕಿನ್ ಮೇಲೆ ಪೆನ್ನಿನಲ್ಲಿ ಚಿತ್ರ ಬರೆದು ಮಾತಾಡುತ್ತಿದ್ದರು.

ಆ ನ್ಯಾಪ್‌ಕಿನ್ ಲೆಕ್ಕ ನನಗೆ ಇವತ್ತಿಗೂ ಬಾಯಿಪಾಠ. ಕ್ಯೂಇ2 ಮೊದಲು ಹಬೆ ಟರ್ಬೈನ್ ಹಡಗು. 1986-87ರಲ್ಲಿ ಜರ್ಮನಿಯ ಬ್ರೆಮರ್‌ಹಾವನ್‌ನಲ್ಲಿ ಹೊಟ್ಟೆ ಬಗೆದು ಅದನ್ನೆಲ್ಲ ತೆಗೆದರು. ಒಂಬತ್ತು ಡೀಸೆಲ್ ಎಂಜಿನ್ ಕೂರಿಸಿದರು, ಒಂದೊಂದೂ ಡಬಲ್ ಡೆಕರ್ ಬಸ್ಸಿನಷ್ಟು ದೊಡ್ಡದು. ಅವು ಪ್ರೊಪೆಲ್ಲರನ್ನು ನೇರವಾಗಿ ತಿರುಗಿಸೋದಿಲ್ಲ. ಕರೆಂಟ್ ತಯಾರಿಸುತ್ತವೆ. ಆ ಕರೆಂಟಿನಿಂದ 44 ಮೆಗಾವಾಟಿನ ಎರಡು ಮೋಟರ್ ತಿರುಗಿ ಹಡಗನ್ನು ತಳ್ಳುತ್ತವೆ. ಇದು ತಿಳಿದ ರಾತ್ರಿ ಅಪ್ಪನಿಗೆ ನಿದ್ದೆ ಬರಲಿಲ್ಲ. "ಒಂದೊಂದು ಎಂಜಿನ್ 10.5 ಮೆಗಾವಾಟ್. ಒಂಬತ್ತಕ್ಕೆ 94.5. ನಮ್ಮ ಜೋಗದ ಪವರ್ ಹೌಸ್ ಶುರುವಿನಲ್ಲಿ 120. ಅಂದ್ರೆ ಸುಮಾರು ಮುಕ್ಕಾಲು ಜೋಗ ನೀರಿನ ಮೇಲೆ ಹೋಗ್ತಾ ಇದೆ ಕೂಸೇ!" ಅಂದರು, ಕತ್ತಲಲ್ಲಿ.

ಮಾಮೂಲಿ ವೇಗ 28.5 ನಾಟ್ ಅಂತ ಹಡಗಿನ ಲೆಕ್ಕ. ಗಂಟೆಗೆ ಸುಮಾರು 53 ಕಿಲೋಮೀಟರ್. ಆ ವೇಗದಲ್ಲಿ ಒಂದು ಗ್ಯಾಲನ್ ಎಣ್ಣೆಗೆ ಅದು ಸಾಗುವುದು 50 ಅಡಿಗಿಂತ ಸ್ವಲ್ಪ ಕಡಿಮೆ. ಹಡಗಿನ ಉದ್ದವೇ 963 ಅಡಿ. ತನ್ನ ಉದ್ದದಷ್ಟು ದೂರ ಹೋಗೋಕೆ ಎಷ್ಟು ಗ್ಯಾಲನ್ ಬೇಕು ಅಂತ ಅಪ್ಪ ಮರುದಿನ ಡೆಕ್ ಮೇಲೆ ನಡೆಯುತ್ತಾ ಬಾಯಲ್ಲೇ ಗುಣಿಸುತ್ತಿದ್ದರು.

ಇಂಗ್ಲೆಂಡಿಗೂ ನ್ಯೂಯಾರ್ಕಿಗೂ ಐದು ಗಂಟೆ ವ್ಯತ್ಯಾಸ, ಅಲ್ವಾ? ವಿಮಾನದಲ್ಲಿ ಅದು ಒಂದೇ ಸಲ ತಲೆ ಮೇಲೆ ಬೀಳುತ್ತದೆ. ಹಡಗಿನಲ್ಲಿ ರಾತ್ರಿಗೆ ಒಂದು ಗಂಟೆಯಂತೆ ಗಡಿಯಾರ ಹಿಂದಕ್ಕೆ ಹಾಕುತ್ತಾರೆ. ದಿನಕ್ಕೆ 25 ಗಂಟೆ! ಅಪ್ಪನ ಕೈಯಲ್ಲಿ ಎಚ್‌ಎಂಟಿ ಜನತಾ ಇತ್ತು, ಕೀ ಕೊಡುವ ವಾಚು. ಮಲಗುವ ಮುಂಚೆ ಕನ್ನಡಕ ಹಾಕಿಕೊಂಡು, ದೀಪದ ಕೆಳಗೆ ಹಿಡಿದು, ಮುಳ್ಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಿದ್ದರು. ಆ ಕೆಲಸ ನನ್ನ ಕೈಗೆ ಕೊಡುತ್ತಿರಲಿಲ್ಲ. ಹೀಗೆ ಸಿಕ್ಕ ಗಂಟೆಗಳಲ್ಲಿ ಅವರು ನನಗೆ ಹೇಳಿದ್ದು ಅಷ್ಟಿಷ್ಟಲ್ಲ. ಅಮ್ಮನನ್ನು ಮೊದಲ ಸಲ ನೋಡಿದ್ದು, ಮಳೆಗಾಲದಲ್ಲಿ ಟ್ರಾಲಿಯಲ್ಲಿ ಕೂತು ಪವರ್ ಹೌಸಿಗೆ ಇಳಿಯುವಾಗ ಕಾಲು ನಡುಗುತ್ತಿದ್ದದ್ದು, ಹೀಗೆ ಎಷ್ಟೋ. ಮನೆಯಲ್ಲಿ ಮೂವತ್ತು ವರ್ಷ ಜೊತೆಗಿದ್ದಾಗ ಅದ್ಯಾವುದೂ ಬಂದಿರಲಿಲ್ಲ.

ಊಟ ನಮಗೆ ಮಾರಿಟೇನಿಯಾ ರೆಸ್ಟೋರೆಂಟಿನಲ್ಲಿ. ಈ ಹಡಗಿನಲ್ಲಿ ಕೋಣೆಯ ದರ್ಜೆ ನೋಡಿ ಊಟದ ಜಾಗ ಕೊಡುತ್ತಿದ್ದರು. ಮಾಂಸ, ಮೀನು, ಮೊಟ್ಟೆ ಯಾವುದೂ ಆಗೋದಿಲ್ಲ ಅಂತ ಮೊದಲ ದಿನವೇ ಹೇಳಿದೆ. ಮರುದಿನದಿಂದ ಅನ್ನ, ಬೇಳೆ, ಒಂದು ಪಲ್ಯ ಬಂತು. ಸಾಗರದಿಂದ ತಂದ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಅಪ್ಪನ ಜೇಬಿನಲ್ಲಿತ್ತು. ಮೂರನೇ ದಿನ ಸ್ಕಾಟ್ಲೆಂಡ್ ಅಜ್ಜನೂ ಒಂದು ಮಿಡಿ ಕೇಳಿ ಹಾಕಿಸಿಕೊಂಡರು.

ನ್ಯೂಫೌಂಡ್‌ಲ್ಯಾಂಡ್ ಹತ್ತಿರ ಮಂಜು ಕವಿಯಿತು. ಹಡಗಿನ ಮೂತಿಯೇ ಕಾಣುತ್ತಿರಲಿಲ್ಲ. ಆಗಾಗ ಹಾರ್ನ್ ಕೂಗುತ್ತಿತ್ತು. ಆ ಸದ್ದು ಎದೆಯೊಳಗೇ ಹುಟ್ಟಿದ ಹಾಗಿರುತ್ತದೆ. ಕೊನೆಯ ದಿನ ಇನ್ನೂ ಬೆಳಕು ಹರಿಯುವ ಮುಂಚೆ ಎಲ್ಲರೂ ಮೇಲಿದ್ದೆವು. ವೆರಜಾನೋ ಸೇತುವೆ ಎದುರು ಬಂದಾಗ ಚಿಮಣಿ ತಾಗಿಯೇ ಬಿಡುತ್ತದೆ ಅನ್ನಿಸಿತು. ತಾಗಲಿಲ್ಲ. ಆಮೇಲೆ ಮ್ಯಾನ್‌ಹಟನ್. ಎರಡು ಗೋಪುರಗಳು ಬಿದ್ದು ಆಗ ಒಂದು ವರ್ಷವೂ ತುಂಬಿರಲಿಲ್ಲ. ಆ ಖಾಲಿ ಆಕಾಶದ ಎದುರು ಹಾಯುವಾಗ ಡೆಕ್ ಮೇಲೆ ಯಾರೂ ಮಾತಾಡಲಿಲ್ಲ. ಅಪ್ಪ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಎರಡು ವರ್ಷದಲ್ಲಿ ಆ ದಾರಿಗೆ ಕ್ವೀನ್ ಮೇರಿ 2 ಅನ್ನುವ ಹೊಸ ಹಡಗು ಬಂತು. 2008ರ ನವೆಂಬರ್ 11ರಂದು ಕ್ಯೂಇ2 ಕೊನೆಯ ಸಲ ಸೌತಾಂಪ್ಟನ್ ಬಿಟ್ಟು ದುಬೈ ತಲುಪಿದ್ದು 26ಕ್ಕೆ. ತಾರೀಕು ಮರೆಯೋದಿಲ್ಲ. ಅವತ್ತು ರಾತ್ರಿಯೇ ಮುಂಬೈ ಮೇಲೆ ದಾಳಿಯಾದದ್ದು. ಆಮೇಲೆ ದುಬೈಗೂ ದುಡ್ಡಿನ ಮುಗ್ಗಟ್ಟು ಬಂತು. ಹಡಗು ಸುಮ್ನೆ ನಿಂತೇ ಇತ್ತು, ಹತ್ತಿರ ಹತ್ತಿರ ಹತ್ತು ವರ್ಷ. ಮಧ್ಯೆ ಒಡೆಯೋಕೆ ಕಳಿಸುತ್ತಾರೆ ಅಂತ ಸುದ್ದಿ ಹಬ್ಬಿದಾಗ ಅಪ್ಪ ಊಟ ಬಿಟ್ಟು ಫೋನ್ ಮಾಡಿದ್ದರು. ಭಯಕ್ಕೆ ಕಾರಣವೂ ಇತ್ತು. ಫ್ರಾನ್ಸ್ ಅಂತ ಹುಟ್ಟಿ ನಾರ್ವೆ ಅಂತ ಓಡಾಡಿದ ಅಷ್ಟು ದೊಡ್ಡ ಲೈನರ್, ಅಂದರೆ ಸಾಗರ ದಾಟಿಸುವ ಪ್ರಯಾಣಿಕರ ಹಡಗು, ಕೊನೆಗೆ ನಮ್ಮ ಗುಜರಾತಿನ ಅಲಂಗ್‌ನಲ್ಲೇ ಚೂರಾಯಿತು. ಕ್ಯೂಇ2 ಉಳಿಯಿತು. ಅದು ಹೋಟೆಲ್ ಆಗುವ ಹೊತ್ತಿಗೆ ಅಪ್ಪ ಇರಲಿಲ್ಲ.

ಈಗ ಹೋಟೆಲಿನ ವಿಷಯ. ಅಕ್ಕನ ಮಗ ಶಾರ್ಜಾದಲ್ಲಿದ್ದಾನೆ, ಅವನೇ ಬುಕ್ ಮಾಡಿದ. ಈ ಸಲ ಗುಂಡು ಕಿಟಕಿಯ ಕೋಣೆ ಅಂತ ಮೂರು ಸಲ ಹೇಳಿಸಿದ್ದೆ. ಸಿಕ್ಕಿತು. ನೀವೂ ಹಾಗೇ ಕೇಳಿ ತಗೊಳ್ಳಿ. ಕೋಣೆ ನಮ್ಮ ಹಳೇ ಕೋಣೆಗಿಂತ ಎಷ್ಟೋ ದೊಡ್ಡದು, ಮಂಚ ಮೆತ್ತಗೆ, ಹಾಸಿಗೆ ಹೊದಿಕೆ ಎಲ್ಲ ಚೊಕ್ಕಟ. ಹಿತ್ತಾಳೆ ಚೌಕಟ್ಟಿನ ಆ ಕಿಟಕಿ ಮುಂದೆ ಕುರ್ಚಿ ಎಳೆದುಕೊಂಡು ಕೂತೆ. ಅಪ್ಪನಿಗಾಗಿ ಕೂತೆ. ಹೊರಗೆ ಅಟ್ಲಾಂಟಿಕ್ ಇಲ್ಲ, ಬಂದರಿನ ನೀರು. ಸಂಜೆ ಅದರ ಮೇಲೆ ದೀಪಗಳು ಬಿದ್ದಾಗ ಎದ್ದು ಹೋಗೋಕೆ ಮನಸ್ಸೇ ಬರಲಿಲ್ಲ.

ಕ್ವೀನ್ಸ್ ರೂಮನ್ನು ತಪ್ಪದೆ ನೋಡಿ. ಬಿಳಿ ಕಂಬಗಳು ಬುಡದಲ್ಲಿ ಸಣ್ಣಗಿದ್ದು ಮೇಲೆ ದತ್ತೂರಿ ಹೂವಿನ ಹಾಗೆ ಅರಳುತ್ತವೆ. ರಾಣಿಯ ಕಂಚಿನ ತಲೆ ಇದೆ. ಅಲ್ಲಿ ಜೋಡಿಗಳು ಕುಣಿಯುವುದನ್ನು ಅಪ್ಪ ಗೋಡೆ ಪಕ್ಕ ಕೂತು, ಪಾದದಲ್ಲಿ ತಾಳ ಹಾಕುತ್ತಾ ನೋಡುತ್ತಿದ್ದರು. ಸಂಜೆ ಚಹಾ ಅಲ್ಲೇ ಕುಡಿದೆ. ಗೋಲ್ಡನ್ ಲಯನ್ ಪಬ್ ಹಾಗೇ ಇದೆ. ಹಡಗು ತೋರಿಸುವ ಟೂರ್‌ಗೆ ದುಡ್ಡು ಕೊಟ್ಟು ಹೋಗಿ, ಮೋಸ ಇಲ್ಲ. 1982ರ ಫಾಕ್‌ಲ್ಯಾಂಡ್ ಯುದ್ಧಕ್ಕೆ ಇದು 3,000ದಷ್ಟು ಸೈನಿಕರನ್ನು ಹೊತ್ತದ್ದು, ಆಗ ಹೆಲಿಕಾಪ್ಟರ್ ಇಳಿಸೋಕೆ ಡೆಕ್ ಮೇಲೆ ಜಾಗ ಕಟ್ಟಿದ್ದು, ಇಂಥ ಕತೆ ಕೇಳುತ್ತಾ ಅದೇ ಹಡಗಿನೊಳಗೆ ನಡೆಯೋದು ಬೇರೆಯದೇ ಅನುಭವ. ಬೆಳಗಿನ ತಿಂಡಿಯಲ್ಲಿ ಸಸ್ಯಾಹಾರಿಗೆ ತೊಂದರೆ ಆಗಲಿಲ್ಲ. ಮಸಾಲೆ ದೋಸೆ ಬೇಕೆಂದರೆ ಕರಾಮಾ ಬಡಾವಣೆ ಟ್ಯಾಕ್ಸಿಯಲ್ಲಿ ಹತ್ತಿರವೇ. ಮೆಟ್ರೋದಲ್ಲಿ ಬರುವವರು ಅಲ್ ಘುಬೈಬಾದಲ್ಲಿ ಇಳಿದು ಟ್ಯಾಕ್ಸಿ ಹಿಡಿಯಿರಿ. ಚಳಿಗಾಲದಲ್ಲಿ ಹೋಗಿ. ಡೆಕ್ ಮೇಲೆ ನಡೆಯೋಕೆ ಆಗಲೇ ಚೆಂದ.

ದುಬೈನಲ್ಲಿ ಇದಕ್ಕಿಂತ ಥಳಕಿನ ಹೋಟೆಲ್ ಬೇಕಾದಷ್ಟಿವೆ. ಈಜುಕೊಳ, ಮಾಲ್, ಎತ್ತರದ ನೋಟ ಬೇಕಾದವರು ಅಲ್ಲಿಗೇ ಹೋಗಲಿ. ಕೆಲಸ ಮಾಡಿ ದಣಿದ ಒಂದು ಹಡಗನ್ನು ಕೈಯಿಂದ ಮುಟ್ಟಿ ನೋಡಬೇಕು ಅನ್ನುವವರಿಗೆ ನಾನು ಇದನ್ನೇ ಹೇಳೋದು.

ರಾತ್ರಿ ಗೋಡೆಗೆ ಅಂಗೈ ಒತ್ತಿ ನೋಡಿದೆ. ಏನೂ ಇಲ್ಲ. ಗೋಡೆ ತಣ್ಣಗಿತ್ತು. ಆ ಒಂಬತ್ತು ಎಂಜಿನ್ ನಿಂತು ವರ್ಷಗಳಾದವು, ಗೊತ್ತಿದ್ದ ವಿಷಯವೇ. ಆದರೂ ಗಂಟಲು ಕಟ್ಟಿತು. ನಿದ್ದೆ ಬಾರದೆ ಹೊರಗೆ ಬಂದು ಉದ್ದನೆಯ ಕಾರಿಡಾರಿನಲ್ಲಿ ನಡೆದೆ. ನಡೀತಾ ನಡೀತಾ ಮೊಣಕಾಲಿಗೆ ತಿಳಿಯಿತು, ಏರು! ಈ ಹಳೇ ಲೈನರ್‌ಗಳ ಡೆಕ್ ಸಪಾಟಾಗಿರೋದಿಲ್ಲ. ಬಟ್ಟೆ ಒಣಹಾಕುವ ಹಗ್ಗದ ಹಾಗೆ ನಡುವೆ ತಗ್ಗು, ತುದಿಗಳಲ್ಲಿ ಏರು. ದೊಡ್ಡ ಅಲೆಗೆ ಮೂತಿ ಕೊಟ್ಟಾಗ ನೀರು ಮೇಲೆ ನುಗ್ಗಬಾರದು ಅಂತ ಹಾಗೆ ಕಟ್ಟುತ್ತಿದ್ದರು. ದಿನಾ ಬೆಳಿಗ್ಗೆ ಅಪ್ಪ ಇದೇ ಏರಿನಲ್ಲಿ ಪಂಚೆ ಎತ್ತಿ ಕಟ್ಟಿ ವಾಕಿಂಗ್ ಮಾಡುತ್ತಿದ್ದರು. "ಮನೆ ಮುಂದಿನ ದಿಬ್ಬ ಇದ್ದ ಹಾಗೇ ಇದೆ" ಅನ್ನುತ್ತಿದ್ದರು.

ಅಲ್ಲೇ ನಿಂತು ತಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಅವನಿಗೆ ಮಧ್ಯಾಹ್ನ.

"ಅಕ್ಕಾ, ಗೋಡೆ ಇನ್ನೂ ನಡುಗ್ತದಾ?" ಅಂದ. ಅಪ್ಪ ಅವನಿಗೆ ನೂರು ಸಲ ಹೇಳಿದ್ದರು.

"ಇಲ್ಲ ಕಣೋ. ಆದರೆ ದಿಬ್ಬ ಇದೆ. ಈಗ ಅದರ ಮೇಲೇ ನಿಂತಿದ್ದೀನಿ" ಅಂದೆ.

ನನ್ನ ಕೈಯಲ್ಲಿ ಅಪ್ಪನ ಜನತಾ ವಾಚಿತ್ತು. ಊರಿನ ಟೈಮನ್ನೇ ತೋರಿಸುತ್ತಿತ್ತು. ಕೋಣೆಗೆ ಬಂದು, ಕನ್ನಡಕ ಹಾಕಿಕೊಂಡು, ಮುಳ್ಳನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿ ಮಲಗಿದೆ.