ಅಪ್ಪನ 26 ಮಳೆ ವಹಿ, ಐದು ತಂತ್ರಾಂಶ: ನಾನು ಆರ್‌ಗೇ ಬಂದು ನಿಂತದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಆರ್‌ಗೆ, ಅಂದರೆ ಅಂಕಿಅಂಶದ ಲೆಕ್ಕಕ್ಕೆಂದೇ ಇರುವ 'R' ಅನ್ನುವ ಪ್ರೋಗ್ರಾಮಿಂಗ್ ಭಾಷೆಗೆ. ₹18,000 ಕೊಟ್ಟು ಒಂದು ವರ್ಷದ ಚಂದಾ ಕಟ್ಟಿದ ತಂತ್ರಾಂಶವನ್ನು ಎಂಟೇ ತಿಂಗಳಿಗೆ ಮುಚ್ಚಿಟ್ಟು, ಒಂದು ಪೈಸೆ ಕೇಳದ ಆರ್ ಹಿಡಿದೆ. ಆ ಎಂಟು ತಿಂಗಳಲ್ಲಿ ಏನಾಯಿತು ಅನ್ನುವುದು ಕಾಲಸರಣಿ ದತ್ತಾಂಶ, ಅಂದರೆ ತಾರೀಖಿನ ಕ್ರಮದಲ್ಲಿ ಬರೆದಿಟ್ಟ ಅಂಕಿಗಳನ್ನು ಇಟ್ಟುಕೊಂಡು ಕೂತಿರುವ ಯಾರಿಗಾದರೂ ಕೆಲಸಕ್ಕೆ ಬಂದೀತು. ನಿಮ್ಮದು ಮಳೆಯೇ ಆಗಬೇಕಿಲ್ಲ. ಬ್ಯಾಡಗಿ ಪೇಟೆಯ ಮೆಣಸಿನಕಾಯಿ ದರವಿರಲಿ, ಡೇರಿಗೆ ಹಾಕಿದ ಹಾಲಿನ ಲೆಕ್ಕವಿರಲಿ, ತೊಡಕು ಒಂದೇ.

ನಮ್ಮೂರು ಅಣ್ಣಿಗೇರಿ. ಎರೆಭೂಮಿ. ಅಂಗಳದ ಮೂಲೆಯಲ್ಲಿ ಅಪ್ಪನ ಮಳೆಮಾಪಕವಿದೆ. 1999ರಿಂದ ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ವಹಿಯಲ್ಲಿ ಬರೆಯುತ್ತಾರೆ. ಹವಾಮಾನ ಇಲಾಖೆಯವರು ದಿನದ ಮಳೆ ಅಳೆಯುವುದೂ ಅದೇ ಹೊತ್ತಿಗೆ. 2.5 ಮಿ.ಮೀ. ಮುಟ್ಟಿದರೆ ಪಕ್ಕದಲ್ಲಿ ಕೆಂಪು ಮಸಿಯ ಚುಕ್ಕೆ, ಇಲಾಖೆಯ ಲೆಕ್ಕದಲ್ಲಿ 'ಮಳೆ ದಿನ' ಅನ್ನಿಸಿಕೊಳ್ಳಲು ಅಷ್ಟು ಬೇಕು. ವರ್ಷಕ್ಕೊಂದು ವಹಿಯಂತೆ 2024ಕ್ಕೆ 26 ಆದವು. ಅಪ್ಪನಿಗೆ ತಿಳಿಯಬೇಕಾಗಿದ್ದುದು ಎರಡೇ: ಮುಂಗಾರಿ ಹೆಸರು ಬಿತ್ತುವ ಹದ ಹಿಂದೆ ಸರಿದಿದೆಯೇ, ಹಿಂಗಾರಿ ಕಡಲೆಗೆ ಹಸ್ತ, ಚಿತ್ತಾ ಮಳೆಯನ್ನು ಇನ್ನೂ ನಂಬಬಹುದೇ. ನಾನು ಹುಬ್ಬಳ್ಳಿಯಲ್ಲಿ ಪಾಠ ಮಾಡಿಕೊಂಡಿರುವವ. ಅಣ್ಣನ ಮಗ ಎರಡು ಬೇಸಿಗೆ ರಜೆಯಲ್ಲಿ ಅಷ್ಟೂ ವಹಿಗಳನ್ನು ಟೈಪ್ ಮಾಡಿಕೊಟ್ಟ, ವಹಿಯಲ್ಲಿ ಇದ್ದ ಹಾಗೇ: 01-06-1999, ಪಕ್ಕದಲ್ಲಿ ಮಿಲಿಮೀಟರು.

ಆ 01-06 ಅನ್ನುವುದರಲ್ಲೇ ನನ್ನ ಮೂರು ತಿಂಗಳು ಹೋದವು.

ಕಡತವನ್ನು ಮೊದಲು ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು, ಅಲ್ಲೇ ಉಳಿಸಿ, ಚಂದಾ ಕಟ್ಟಿದ ತಂತ್ರಾಂಶಕ್ಕೆ ಹಾಕಿದೆ. ಕ್ಷಣದಲ್ಲಿ ಬಣ್ಣಬಣ್ಣದ ನಕ್ಷೆ ಬಂತು. ಚಲಿಸುವ ಸರಾಸರಿ, ಪ್ರವೃತ್ತಿ ರೇಖೆ, ಸ್ವಸಹಸಂಬಂಧದ ನಕ್ಷೆ (ಇಂದಿನ ಅಂಕಿಗೂ ಇಷ್ಟು ದಿನ ಹಿಂದಿನ ಅಂಕಿಗೂ ಎಷ್ಟು ಹೋಲಿಕೆ ಅನ್ನುವುದು), ಎಲ್ಲ ಒಂದೊಂದು ಒತ್ತಿಗೆ. ಸ್ವಸಹಸಂಬಂಧದಲ್ಲಿ ಸುಮಾರು 30 ದಿನಕ್ಕೊಂದು ಉಬ್ಬು ಕಾಣುತ್ತಿತ್ತು. ನನಗೆ ರೋಮಾಂಚನ. ಮಳೆಗೂ ತಿಂಗಳಿಗೂ ಏನೋ ನಂಟಿದೆ ಅಂದುಕೊಂಡು, ಅಮಾವಾಸ್ಯೆ ಹುಣ್ಣಿಮೆಯ ದಿನಗಳನ್ನೂ ಪಟ್ಟಿ ಮಾಡಿ ಜೋಡಿಸಿ ನೋಡಿದೆ.

ಯುಗಾದಿಗೆ ಊರಿಗೆ ಹೋದಾಗ ಅಪ್ಪನಿಗೆ ನಕ್ಷೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. "ಜನವರಿದಾಗ ಇಷ್ಟ ಮಳಿ ಯಾವಾಗ ಆಗಿತ್ತೋ? ಸಂಕ್ರಮಣದ ಮುಂದ ನಾ ಒಂದ ವರ್ಷನೂ ಕೆಂಪ ಚುಕ್ಕಿ ಇಟ್ಟಿಲ್ಲ" ಅಂದರು. ವಹಿ ತೆಗೆದರೆ ನಿಜ, ಜನವರಿ ಪುಟಗಳೆಲ್ಲ ಬರೀ ಅಡ್ಡಗೆರೆ. ನಕ್ಷೆಯಲ್ಲಿ ಮಾತ್ರ ಪ್ರತಿ ವರ್ಷ ಜನವರಿ 6ರಿಂದ 10ರವರೆಗೆ ಮಳೆ. ಫೆಬ್ರುವರಿಯಲ್ಲೂ 6ರಿಂದ 10. ಮಾರ್ಚ್‌ನಲ್ಲೂ ಅಷ್ಟೇ.

ಆದದ್ದು ಇಷ್ಟು. ನನ್ನ ಲ್ಯಾಪ್‌ಟಾಪ್‌ನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದು, ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಹಾಗಾಗಿ ಜೂನ್ 1 ಹೋಗಿ ಜನವರಿ 6 ಆಯಿತು, ಜುಲೈ 1 ಜನವರಿ 7 ಆಯಿತು, ಅಕ್ಟೋಬರ್ 1 ಜನವರಿ 10 ಆಯಿತು. ಪ್ರತಿ ತಿಂಗಳ ಮೊದಲ 12 ದಿನಗಳಿಗೆ ಹೀಗೆ ಅದಲುಬದಲಾಗುವ ಅವಕಾಶ. ವರ್ಷಕ್ಕೆ 144 ದಿನ, ಅದರಲ್ಲಿ 06-06, 07-07ರಂಥ 12 ದಿನ ತಿರುಗಿಸಿದರೂ ಅವೇ. ಅಂದರೆ 132 ದಿನಗಳ ಮಳೆ ಬೇರೆ ತಿಂಗಳಿಗೆ ಹಾರಿತು. ಉಳಿದ 221 ದಿನಗಳಲ್ಲಿ 13ನೇ ತಿಂಗಳು ಅನ್ನುವುದೊಂದು ಇಲ್ಲವಲ್ಲ, ಅವು ತಾರೀಖೇ ಆಗದೆ ಬರೀ ಅಕ್ಷರಗಳಾಗಿ ಉಳಿದವು. ಚಂದಾ ತಂತ್ರಾಂಶ ಅವನ್ನು ಓದಲಾಗದೆ ಬಿಟ್ಟುಬಿಟ್ಟು, ಆ ದಿನಗಳಿಗೆ ಸೊನ್ನೆ ಹಾಕಿಕೊಂಡು ನಕ್ಷೆ ಬರೆಯಿತು. ಒಂದು ಎಚ್ಚರಿಕೆಯ ಮಾತಿಲ್ಲ. ವರ್ಷದ ಅರ್ಧಕ್ಕಿಂತ ಹೆಚ್ಚು ದಿನಗಳನ್ನು ಎಸೆದಿದ್ದೇನೆ ಅಂತ ಎಲ್ಲೂ ಹೇಳಲಿಲ್ಲ. ನಾನು ಬೆನ್ನು ಹತ್ತಿದ ಆ 30 ದಿನದ ಉಬ್ಬು ಮುಂಗಾರಿನ ಐದು ತಿಂಗಳು, ತಾರೀಖುಗಳ ವೇಷದಲ್ಲಿ. ಅವರ ಸಹಾಯವಾಣಿಗೆ ಬರೆದರೆ ನಾಲ್ಕನೇ ದಿನಕ್ಕೆ ಉತ್ತರ ಬಂತು: ನಿಮ್ಮ ದತ್ತಾಂಶದಲ್ಲಿ ದೋಷವಿದೆ. ಅಪ್ಪನ ವಹಿಯಲ್ಲಿ ದೋಷವಿದೆ ಅನ್ನುವ ಮಾತು ನನಗೆ ಇವತ್ತಿಗೂ ನುಂಗಲಾಗಿಲ್ಲ.

ನಿಮ್ಮ ಕಡತಕ್ಕೂ ಹೀಗಾಗಿದೆಯೇ ಅಂತ ನೋಡಲು ಸುಲಭದ ದಾರಿ ಇದೆ. ಸ್ಪ್ರೆಡ್‌ಶೀಟ್‌ನಲ್ಲಿ ತಾರೀಖಿನ ಕಾಲಂ ಅಗಲ ಮಾಡಿ. ನಿಜವಾದ ತಾರೀಖುಗಳು ಬಲಕ್ಕೆ ಅಂಟಿಕೊಂಡಿರುತ್ತವೆ, ಅಕ್ಷರವಾಗಿ ಉಳಿದವು ಎಡಕ್ಕೆ. ಎರಡೂ ಬದಿಗೆ ಚದುರಿದ್ದರೆ ಮುಂದೆ ಹೋಗಬೇಡಿ.

ಆರ್‌ಗೆ ಅದೇ ಮೂಲ ಕಡತ ಕೊಟ್ಟಾಗ ಅದೂ ತಪ್ಪೇ ಮಾಡಿತು. ಆದರೆ ಅದರ ತಪ್ಪು ಕಣ್ಣಿಗೆ ರಾಚುವಂಥದ್ದು. ರೂಪ ಹೇಳದೆ 'ಆಸ್ ಡೇಟ್' ಆಜ್ಞೆ ಕೊಟ್ಟರೆ ಆರ್ ವರ್ಷವೇ ಮೊದಲಿದೆ ಅಂದುಕೊಳ್ಳುತ್ತದೆ. 01-06-2009 ಅನ್ನುವುದನ್ನು ಕ್ರಿಸ್ತಶಕ 1ನೇ ವರ್ಷದ ಜೂನ್ 20 ಅಂತ ಓದಿತು. ಎರಡು ಸಾವಿರ ವರ್ಷ ಹಿಂದಿನ ಅಣ್ಣಿಗೇರಿ ಮಳೆ ಕಂಡರೆ ಯಾರೂ ನಂಬುವುದಿಲ್ಲ, ಅಲ್ಲೇ ನಿಂತು ಸರಿಮಾಡುತ್ತಾರೆ. ದಿನ, ತಿಂಗಳು, ವರ್ಷ ಅನ್ನುವ ಕ್ರಮ ಬರೆದುಕೊಟ್ಟೆ, ಇಲ್ಲವೇ ಲೂಬ್ರಿಡೇಟ್ ಪ್ಯಾಕೇಜಿನ 'ಡಿಎಂವೈ' ಬಳಸಬಹುದು, ಒಂದೇ ಸಾಲು. ಓದಲಾಗದ ತಾರೀಖು ಎಷ್ಟಿವೆ ಅನ್ನುವುದನ್ನೂ ಅದೇ ಹೇಳುತ್ತದೆ.

ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ದತ್ತಾಂಶದ ಕೆಲಸಕ್ಕೆಂದಿರುವ ಪಾಂಡಾಸ್ ಕೂಡ ಒಳ್ಳೆಯದು. ಕಾಲಸರಣಿಗೆ ಬೇಕಾದ್ದೆಲ್ಲ ಅದರಲ್ಲಿದೆ, ದಿನದ ಲೆಕ್ಕವನ್ನು ವಾರಕ್ಕೆ, ತಿಂಗಳಿಗೆ ಮಡಚುವ 'ರೀಸ್ಯಾಂಪಲ್' ಬಹಳ ಚೊಕ್ಕ. ತಾರೀಖಿಗೆ 'ಡೇಫಸ್ಟ್' (ದಿನ ಮೊದಲು) ಅಂತ ಹೇಳುವುದನ್ನು ಮರೆಯಬಾರದು, ಅಷ್ಟೇ. ಈಗಾಗಲೇ ಪೈಥಾನ್ ಬರೆಯುವವರಾದರೆ ಆರ್ ಹುಡುಕಿಕೊಂಡು ಹೋಗಬೇಕಾದ ಅಗತ್ಯ ಕಡಿಮೆ. ನಾನು ಬಿಟ್ಟದ್ದು ವಹಿಯಲ್ಲಿ ಏನೂ ಬರೆಯದೆ ಖಾಲಿ ಬಿಟ್ಟ ದಿನಗಳ ಕಾರಣಕ್ಕೆ. ಅಪ್ಪನ ವಹಿಯಲ್ಲಿ ಅಡ್ಡಗೆರೆ ಅಂದರೆ ಮಳೆ ಇಲ್ಲ, ಖಾಲಿ ಅಂದರೆ ಅಪ್ಪ ಊರಲ್ಲಿ ಇಲ್ಲ. ಇವೆರಡು ಒಂದೇ ಅಲ್ಲ. ಒಂದು ವರ್ಷ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದಾಗ ಸೆಪ್ಟೆಂಬರ್ ಪೂರ್ತಿ ಖಾಲಿ. ಪಾಂಡಾಸ್‌ನಲ್ಲಿ ಕೂಡಿಸಿದರೆ ಅದು ಖಾಲಿಗಳನ್ನು ತಾನೇ ದಾಟಿಕೊಂಡು ಹೋಗುತ್ತದೆ, ಎಲ್ಲವೂ ಖಾಲಿಯಾಗಿದ್ದರೆ ಮೊತ್ತ ಸೊನ್ನೆ ಕೊಡುತ್ತದೆ. ನಕ್ಷೆಯಲ್ಲಿ ಆ ಸೆಪ್ಟೆಂಬರ್ ಘೋರ ಬರ. ಬದಲಿಸುವ ಆಯ್ಕೆ ಅದರಲ್ಲೂ ಇದೆ, ಆದರೆ ಅದು ಗೊತ್ತಿರಬೇಕು. ಆರ್ ಇದಕ್ಕೆ ತದ್ವಿರುದ್ಧ. ಒಂದು ದಿನ ಖಾಲಿ ಇದ್ದರೂ ಇಡೀ ತಿಂಗಳ ಮೊತ್ತಕ್ಕೆ 'ಎನ್‌ಎ', ಅಂದರೆ ಅಂಕಿ ಲಭ್ಯವಿಲ್ಲ, ಅನ್ನುತ್ತದೆ. ಮೊದಲ ವಾರ ಇದು ಹಟಮಾರಿತನ ಅನ್ನಿಸಿತು. ಆಮೇಲೆ ಪ್ರತಿ 'ಎನ್‌ಎ' ಹಿಡಿದುಕೊಂಡು ಅಪ್ಪನಿಗೆ ಫೋನ್ ಮಾಡತೊಡಗಿದೆ. ಕೆಲವು ಕಡೆ ಮೂರು ದಿನ ಊರಲ್ಲಿಲ್ಲದೆ ಬಂದು ಮಾಪಕದಲ್ಲಿ ನಿಂತ ನೀರನ್ನೆಲ್ಲ ಒಂದೇ ದಿನಕ್ಕೆ ಬರೆದಿದ್ದರು. ಅದನ್ನು ಒಂದು ದಿನದ ಭಾರಿ ಮಳೆ ಅಂತ ಎಣಿಸಿದ್ದರೆ ತಪ್ಪಾಗುತ್ತಿತ್ತು.

ಅರ್ಥಶಾಸ್ತ್ರದ ಅಂಕಿಅಂಶಕ್ಕೆಂದಿರುವ ಗ್ರೆಟ್ಲ್ ತಂತ್ರಾಂಶದ ಬಗ್ಗೆ ಎರಡು ಮಾತು. ಇದೂ ಪುಕ್ಕಟೆ, ಪುಟ್ಟದು, ನನ್ನ 4 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಹಗುರವಾಗಿ ಓಡಿತು. ಮೆನು ಒತ್ತಿಯೇ ಕೆಲಸ ಆಗುವುದರಿಂದ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ನಾನು ಮೊದಲು ತೋರಿಸುವುದು ಇದನ್ನೇ. ಬೆಲೆ ಸೂಚ್ಯಂಕ, ತ್ರೈಮಾಸಿಕ ಲೆಕ್ಕಗಳಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗದು.

ಆದರೆ ನಮ್ಮ ಮಳೆ ತಿಂಗಳಿನ ಲೆಕ್ಕದಲ್ಲಿ ಬರುವುದಿಲ್ಲ. ಇಲ್ಲಿಯೇ ನನ್ನ ಒಲವು ಗಟ್ಟಿಯಾದದ್ದು. ನಮ್ಮಲ್ಲಿ ಯಾರೂ "ಜೂನ್ ಕೊನೆಗೆ ಮಳಿ ಆತು" ಅನ್ನುವುದಿಲ್ಲ, ಆರಿದ್ರಾ ಹಿಡಿಯಿತು ಅನ್ನುತ್ತಾರೆ. ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರಾ ಜೂನ್ 7-8ಕ್ಕೆ, ಆರಿದ್ರಾ 21-22ಕ್ಕೆ. ವರ್ಷಕ್ಕೆ 27 ನಕ್ಷತ್ರ, ಒಂದೊಂದಕ್ಕೆ 13-14 ದಿನ. ಆರಿದ್ರಾ ಜೂನ್-ಜುಲೈ ಎರಡರಲ್ಲೂ ಕಾಲಿಟ್ಟಿರುತ್ತದೆ, ತಿಂಗಳ ಕಂಬ ಎಬ್ಬಿಸಿದರೆ ಅದು ಎರಡು ತುಂಡಾಗಿ ಮಾಯವಾಗುತ್ತದೆ. ಚಂದಾ ತಂತ್ರಾಂಶದ ಮೆನುವಿನಲ್ಲಿ ದಿನ, ವಾರ, ತಿಂಗಳು, ತ್ರೈಮಾಸಿಕ, ವರ್ಷ, ಇಷ್ಟೇ. ಆರ್‌ನಲ್ಲಿ, ಪಂಚಾಂಗ ನೋಡಿ ಅಪ್ಪ ವಹಿಯ ಅಂಚಿನಲ್ಲಿ ಬರೆದಿದ್ದ ನಕ್ಷತ್ರ ಹೊಕ್ಕ ತಾರೀಖುಗಳನ್ನೇ ಒಂದು ಪಟ್ಟಿ ಮಾಡಿ 'ಕಟ್' ಆಜ್ಞೆಗೆ ಕೊಟ್ಟೆ. ದಿನಗಳೆಲ್ಲ ತಮ್ಮ ತಮ್ಮ ಮಳೆಯ ಕೆಳಗೆ ಹೋಗಿ ಕೂತವು. ಆವರ್ತನ 27, ಅಂದರೆ ವರ್ಷಕ್ಕೆ 27 ಭಾಗ, ಅಂತ ಹೇಳಿ 'ಮಂತ್‌ಪ್ಲಾಟ್' ಓಡಿಸಿದೆ. ಹೆಸರಿನಲ್ಲಿ ತಿಂಗಳಿದ್ದರೂ ಅದಕ್ಕೆ ಯಾವ ಆವರ್ತನವೂ ಆದೀತು. ಒಂದೊಂದು ನಕ್ಷತ್ರಕ್ಕೆ ಒಂದೊಂದು ಸಣ್ಣ ಗೆರೆ, ಅದರೊಳಗೆ 26 ವರ್ಷ, ನಡುವೆ ಸರಾಸರಿಯ ಅಡ್ಡಗೆರೆ. ಆ ಒಂದು ಚಿತ್ರದಲ್ಲಿ ನಮ್ಮ ಸೀಮೆಯ ಮಳೆಯ ಎರಡು ಏರು, ಮುಂಗಾರಿನದೊಂದು, ಸೆಪ್ಟೆಂಬರ್-ಅಕ್ಟೋಬರಿನದೊಂದು, ನಡುವಿನ ಇಳಿಜಾರಿನ ಸಮೇತ ಕಂಡವು. ಇಷ್ಟಕ್ಕೇ ನಾನು ಮತ್ತೊಮ್ಮೆ ₹18,000 ಕೊಡಲೂ ಸಿದ್ಧ. ಆದರೆ ಇದು ಪುಕ್ಕಟೆ.

ಋತುಮಾನ ಬೇರ್ಪಡಿಸುವ 'ಎಸ್‌ಟಿಎಲ್' ಬಗ್ಗೆ ಒಂದು ಎಚ್ಚರಿಕೆ. ಪಾಠದ ಪುಸ್ತಕಗಳಲ್ಲಿ ವಿಮಾನ ಪ್ರಯಾಣಿಕರ ಲೆಕ್ಕದ ಮೇಲೆ ಅದು ಅಂದವಾಗಿ ಕಾಣುತ್ತದೆ. ದಿನದ ಮಳೆಯ ಮೇಲೆ ಹಾಕಬೇಡಿ. ಅದು ಪ್ರವೃತ್ತಿ, ಋತು, ಉಳಿಕೆ ಮೂರನ್ನೂ ಕೂಡಿಸುವ ಲೆಕ್ಕ, ಸೊನ್ನೆಗಳೇ ತುಂಬಿದ ಸರಣಿಯಲ್ಲಿ ಪ್ರವೃತ್ತಿ ಮತ್ತು ಋತು ಕೂಡಿ ಸೊನ್ನೆಗಿಂತ ಕೆಳಗಿನ ಮಳೆ ತೋರಿಸುತ್ತವೆ. ನಕ್ಷತ್ರವಾರು ಮೊತ್ತಕ್ಕೆ ವರ್ಗಮೂಲ ತೆಗೆದು ಹಾಕಿದ ಮೇಲೆ ನೋಡುವಂತಾಯಿತು. ನನಗೆ ಅದಕ್ಕಿಂತ ಉಪಯೋಗಕ್ಕೆ ಬಂದದ್ದು ಸಾದಾ ಸಂಚಿತ ನಕ್ಷೆ: ವರ್ಷಕ್ಕೊಂದು ಗೆರೆ, ಜೂನ್‌ನಿಂದ ಮಳೆ ಕೂಡುತ್ತಾ ಹೋಗುವುದು. 2019ರ ಗೆರೆ ಆಗಸ್ಟ್ ಮೊದಲ ವಾರದಲ್ಲಿ ಗೋಡೆಯಂತೆ ನೆಟ್ಟಗೆ ಎದ್ದಿದೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದ 2023ರ ಗೆರೆ ತಳದಲ್ಲಿ ಮಲಗಿದೆ.

ಕನ್ನಡ ಅಕ್ಷರ: ಸುಮ್ಮನೆ ಬಿಟ್ಟರೆ ನಕ್ಷೆಯಲ್ಲಿ ಆಶ್ಲೇಷಾ, ಪುಷ್ಯ ಎಲ್ಲ ಒತ್ತಕ್ಷರ ಕಳಚಿಕೊಂಡು ಬರುತ್ತವೆ. ಆರ್‌ನಲ್ಲಿ 'ರ‍್ಯಾಗ್' ಪ್ಯಾಕೇಜ್ ಮತ್ತು ನೋಟೋ ಕನ್ನಡ ಫಾಂಟ್ ಹಾಕಿದರೆ ಸರಿಯಾಗುತ್ತದೆ. ಅಪ್ಪ ಓದಬೇಕಾದ ನಕ್ಷೆ ಕನ್ನಡದಲ್ಲೇ ಇರಬೇಕು, ಇದರಲ್ಲಿ ರಾಜಿ ಇಲ್ಲ.

ಆರ್ ಕಲಿಯುವುದು ಸುಲಭವೇ? ಅಲ್ಲ. ರಾತ್ರಿ ಹತ್ತರ ಮೇಲೆ ಒಂದೊಂದು ತಾಸು ಕೂತು ನನಗೆ ಎರಡು ತಿಂಗಳು ಹಿಡಿಯಿತು. ಅದರ ಜೊತೆಗೇ ಬರುವ ನೈಲ್ ನದಿಯ ದತ್ತಾಂಶದ ಮೇಲೆ ಕೈ ಪಳಗಿಸಿಕೊಂಡೆ. ಅಸ್ವಾನ್ ಬಳಿ 1871ರಿಂದ 1970ರವರೆಗಿನ ವಾರ್ಷಿಕ ಹರಿವು ಅದು, 1898ರ ಸುಮಾರಿಗೆ ಒಂದು ಮೆಟ್ಟಿಲು ಇಳಿದಂತೆ ಕಡಿಮೆಯಾಗುವುದು ಬರಿಗಣ್ಣಿಗೇ ಕಾಣುತ್ತದೆ. ಕಷ್ಟಪಟ್ಟದ್ದಕ್ಕೆ ಸಿಕ್ಕಿದ್ದು ಒಂದು ಸ್ಕ್ರಿಪ್ಟ್. ತಿಂಗಳ ಕೊನೆಗೆ ಹೊಸ ಸಾಲು ಸೇರಿಸಿ ಓಡಿಸಿದರೆ ಹನ್ನೊಂದು ನಕ್ಷೆ ತಾವಾಗಿಯೇ ಬರುತ್ತವೆ. ಕರೆಂಟ್ ಹೋದರೂ ಏನೂ ಕಳೆಯುವುದಿಲ್ಲ. ವರ್ಷಕ್ಕೊಮ್ಮೆ ಮಾತ್ರ ಒಂದು ನಕ್ಷೆ ಬೇಕಾಗಿರುವವರು ಇಷ್ಟು ದೂರ ಬರಬೇಕಿಲ್ಲ. ಸ್ಪ್ರೆಡ್‌ಶೀಟ್ ಸಾಕು, ತಾರೀಖಿನ ಕಾಲಂ ನೋಡಿಕೊಳ್ಳಿ.

ಈ ದೀಪಾವಳಿಗೆ ಅಪ್ಪನ ಮುಂದೆ ಆರಿದ್ರಾ ನಕ್ಷೆ ಇಟ್ಟೆ. "ಆರಿದ್ರಾ ಬಂದರ ಆರು ಮಳಿ" ಅನ್ನುವ ಗಾದೆಯನ್ನೇ ಹಿಡಿದು, ಅಡ್ಡಕ್ಕೆ ಆರಿದ್ರಾ ಮಳೆ, ಎತ್ತರಕ್ಕೆ ಮುಂದಿನ ಆರು ನಕ್ಷತ್ರಗಳ ಮಳೆ, ವರ್ಷಕ್ಕೊಂದು ಚುಕ್ಕೆ. ನಮ್ಮ ಅಂಗಳದ 26 ಚುಕ್ಕೆಗಳು ಚೆಲ್ಲಾಪಿಲ್ಲಿ. ಅಪ್ಪ ಬಹಳ ಹೊತ್ತು ನೋಡಿ, ಎರಡು ಚುಕ್ಕೆಗಳ ಮೇಲೆ ಬೆರಳಿಟ್ಟು ಯಾವ ವರ್ಷದವು ಅಂತ ನಾನು ಹೇಳುವ ಮುಂಚೆಯೇ ಹೇಳಿದರು. ಆಮೇಲೆ "ಹಸ್ತಿ, ಚಿತ್ತಿದೂ ಹಿಂಗ ಮಾಡಿ ತಾ" ಅಂದರು. ಹೊಸ ವಹಿಯಲ್ಲಿ ಅವರು ಈಗ ತಾರೀಖನ್ನು ಅಂಕಿಯಲ್ಲಿ ಬರೆಯುತ್ತಿಲ್ಲ. ಜೂನ್ 1 ಅಂತ, ತಿಂಗಳ ಹೆಸರನ್ನು ಕನ್ನಡದಲ್ಲೇ ಬರೆಯುತ್ತಾರೆ.