ಕ್ಲೇ ಬಾರ್: ಉಪ್ಪು ಗಾಳಿಯಲ್ಲಿ ನಿಂತುಹೋದ ಕಾರಿಗೆ

ಕಾರಿಗೆ ಜೇಡಿ ತಿಕ್ಕೋದಾ ಅಂತ ಮನೆಯಲ್ಲಿ ಎಲ್ಲರೂ ನಕ್ಕಿದ್ದರು. ಕ್ಲೇ ಬಾರ್ ಅಂದರೆ ತೊಳೆದರೂ ಹೋಗದೆ ಬಣ್ಣಕ್ಕೆ ಅಂಟಿದ ಕೊಳೆಯನ್ನು ಎತ್ತುವ ಜೇಡಿಯಂಥ ಮುದ್ದೆ. ಈ ನೀಲಿ ಮುದ್ದೆಯನ್ನು ಕೆಲವು ವರ್ಷಗಳಿಂದ ಮಳೆಗಾಲ ಮುಗಿದ ಮೇಲೆ ನನ್ನ ವ್ಯಾಗನಾರ್‌ಗೆ ಬಳಸುತ್ತಾ ಬಂದಿದ್ದೇನೆ. ಆದರೆ ಅದರ ತಾಕತ್ತು ಪೂರ್ತಿ ಗೊತ್ತಾಗಿದ್ದು ಭಾವನ ಹಳೇ ಆಲ್ಟೋ ಮಾರಲು ಹೊರಟಾಗ.

ಭಾವ ಇರೋದು ದುಬೈನಲ್ಲಿ. ಕಾರು ಇದ್ದದ್ದು ಕಾರವಾರದ ಕೋಡಿಬಾಗದಲ್ಲಿ, ಅಂಗಳದ ಮಾವಿನ ಮರದ ಬುಡದಲ್ಲಿ. ಸಮುದ್ರ ಕೂಗಳತೆ ದೂರ. ಬಾನೆಟ್ ತುಂಬಾ ಸೊನೆಯ ಕಲೆ, ಕಾಗೆ ಹಿಕ್ಕೆ. ಕಿಟಕಿ ರಬ್ಬರಿಗೆ ಹಾವಸೆ ಕಟ್ಟಿತ್ತು. ಬಾಗಿಲು ತೆಗೆದರೆ ಬೂಷ್ಟಿನ ವಾಸನೆ. ‘ಗುಜರಿಗೆ ಹಾಕಿ ಮಾರಾಯ್ರೆ’ ಅಂದರು ಪಕ್ಕದ ಮನೆಯವರು.

ಮೊದಲು ಬರೀ ನೀರು. ಉಪ್ಪು ನೀರಿನಲ್ಲಿ ಕರಗಿ ಹೋಗುತ್ತದೆ, ಅದಕ್ಕೆ ಜೇಡಿ ಬೇಡ. ಪೈಪನ್ನು ಚಕ್ರದ ಮೇಲಿನ ಗೂಡಿಗೂ ಗಾಡಿಯ ಹೊಟ್ಟೆಗೂ ಬಿಟ್ಟೆ. ಮುಂದಿನ ಗಾಜಿನ ಬುಡದಲ್ಲಿ ಕೊಳೆತ ಎಲೆ ರಾಶಿಯೇ ಇತ್ತು. ಅದು ನೀರು ಹೋಗುವ ತೂತು ಮುಚ್ಚಿದರೆ ನೀರು ಒಳಗೆ ಇಳಿಯುತ್ತದೆ. ಬೂಷ್ಟಿಗೆ ಕಾರಣ ಅಲ್ಲೇ ಸಿಕ್ಕಿತು. ಎಲೆ ತೆಗೆದು, ಮ್ಯಾಟುಗಳನ್ನು ಬಿಸಿಲಿಗೆ ಹಾಕಿದೆ. ಬ್ಯಾಟರಿ ಟರ್ಮಿನಲ್ಲಿನ ಕಿಲುಬಿಗೆ ಅಡುಗೆ ಸೋಡಾ ಸಾಕಾಯಿತು.

ತೊಳೆದ ಕಾರು ದೂರದಿಂದ ಸ್ವಚ್ಛವಾಗಿಯೇ ಕಾಣುತ್ತಿತ್ತು. ಒಂದು ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬಾನೆಟ್ ಸವರಿ ನೋಡಿ. ಬರೀ ಕೈಗೆ ತಿಳಿಯದ ಒರಟು ಆಗ ತಿಳಿಯುತ್ತದೆ. ಆಲ್ಟೋ ಮೈ ಮರಳು ಕಾಗದದ ಹಾಗಿತ್ತು. ಸೊನೆಯ ಹನಿ, ಕಬ್ಬಿಣದ ಧೂಳು, ಹೆದ್ದಾರಿ 66ರ ಡಾಂಬರಿನ ಚುಕ್ಕೆ, ಎಲ್ಲವೂ ಬಣ್ಣಕ್ಕೆ ಅಂಟಿ ಕೂತಿದ್ದವು.

ಈ ಕೆಲಸಕ್ಕೆ ನಾನು ಬೆಳಿಗ್ಗೆ ಚಹಾ ಕುಡಿದ ತಕ್ಷಣ ಕೂರುತ್ತೇನೆ, ನೆರಳಲ್ಲಿ. ಮುದ್ದೆಯಿಂದ ಒಂದು ಚೂರು ಮುರಿದು ನಾದಿ, ಚಪ್ಪಟೆ ಮಾಡಬೇಕು. ಸ್ಪ್ರೇ ಬಾಟಲಿಯಲ್ಲಿ ಕಾರ್ ಶಾಂಪೂ ಬೆರೆಸಿದ ನೀರು. ಧಾರಾಳವಾಗಿ ಚಿಮುಕಿಸಿ, ಒತ್ತದೆ, ನೇರವಾಗಿ ಆಚೆ ಈಚೆ ಜಾರಿಸಬೇಕು. ಮೊದಲು ಕರಕರ ಅನ್ನುತ್ತದೆ. ಸ್ವಲ್ಪ ಹೊತ್ತಿಗೆ ಸದ್ದು ಸಣ್ಣದಾಗಿ, ಆಮೇಲೆ ಇಲ್ಲವೇ ಇಲ್ಲ. ಜೇಡಿ ತಿರುಗಿಸಿ ನೋಡಿದರೆ ಕಂದು ಬಣ್ಣ. ಮಡಚಿ, ಹೊಸ ಮುಖ ಮಾಡಿ, ಮತ್ತೆ ಶುರು. ಇದರಲ್ಲಿ ಸಿಗುವ ಖುಷಿ ಹೇಳಿದರೆ ನಗುತ್ತೀರಿ. ಹೆಂಡತಿ ತಿಂಡಿಗೆ ಕರೆದರೂ ‘ಇದೊಂದು ಬಾಗಿಲು’ ಅಂತ ಕೂತೇ ಇದ್ದೆ. ಕೈ ಜಾರಿ ಚೂರು ನೆಲಕ್ಕೆ ಬಿತ್ತೋ, ಅದನ್ನು ಎಸೆಯಿರಿ. ಅಂಟಿದ ಒಂದು ಮರಳ ಕಣ ಸಾಕು ಗೀರು ಎಳೆಯಲು. ಅದಕ್ಕೇ ಇಡೀ ಮುದ್ದೆ ಒಮ್ಮೆಗೇ ಕೈಗೆತ್ತಿಕೊಳ್ಳಬೇಡಿ.

ಇನ್ನು ಬೈಗುಳ. ನಮ್ಮ ಬೇಸಿಗೆಗೆ ಇದು ಮೆತ್ತಗಾಗಿ ಬೆರಳಿಗೆ ಅಂಟುತ್ತದೆ, ಬಿಸಿ ತಗಡಿನ ಮೇಲೆ ಗೆರೆ ಬಿಡುತ್ತದೆ. ಪಕ್ಕದಲ್ಲಿ ತಣ್ಣೀರಿನ ಚೆಂಬು ಇರಲೇಬೇಕು. ಎರಡನೇ ವಿಷಯ ಇನ್ನೂ ದೊಡ್ಡದು. ಬಣ್ಣ ಕಾಯಲು ಹಚ್ಚಿದ ಮೇಣ, ಅಂದರೆ ಹಳೇ ವ್ಯಾಕ್ಸನ್ನೂ ಜೇಡಿ ಎತ್ತಿಕೊಂಡು ಹೋಗುತ್ತದೆ. ಬಣ್ಣ ಬರಿಮೈ ಆಗುತ್ತದೆ, ಅದೂ ಇಂಥ ಗಾಳಿಯಲ್ಲಿ. ಅಂದರೆ ವ್ಯಾಕ್ಸ್ ಡಬ್ಬಿಯ ಖರ್ಚೂ ನಿಮ್ಮ ತಲೆಗೇ. ಪೆಟ್ಟಿಗೆಯ ಮೇಲೆ ಇದನ್ನು ಇರುವೆ ಅಕ್ಷರದಲ್ಲಿ ಹಾಕಿದ್ದಾರೆ. ಆ ವ್ಯಾಕ್ಸೋ, ಕಪ್ಪು ಪ್ಲಾಸ್ಟಿಕ್‌ಗೆ ತಾಗಿದರೆ ಬಿಳಿ ಕಲೆ. ಹಳೇ ಟೂತ್‌ಬ್ರಷ್ ಹಿಡಿದು ತಿಕ್ಕಿದ್ದು ಸಾಕೋ ಸಾಕು. ಮೊದಲೇ ಟೇಪು ಹಚ್ಚಿಕೊಳ್ಳಿ.

ಗೀರು, ಬಿಸಿಲಿಗೆ ಮಾಸಿದ ಬಣ್ಣ, ತುಕ್ಕು, ಇವಕ್ಕೆ ಜೇಡಿ ಏನೂ ಮಾಡಲ್ಲ. ಬಾಗಿಲಿನ ಕೆಳ ಅಂಚಿನ ತುಕ್ಕಿಗೆ ಪುಟ್ಟಿ ಮೆತ್ತಿ ಮುಚ್ಚಿ ಅಂತ ಕೆಲವರು ಹೇಳಿದರು. ಇವತ್ತು ಮುಚ್ಚಿದರೆ ಮುಂದಿನ ಮಳೆಗೆ ಉಬ್ಬಿ ಏಳುತ್ತದೆ, ಆಗ ಶಾಪ ಹಾಕಿಸಿಕೊಳ್ಳುವವರು ನಾವೇ ಅಲ್ವಾ. ಹಾಗೇ ಬಿಟ್ಟೆ.

ಕೊಂಡವರು ಅಂಕೋಲೆಯವರು. ಬಂದವರೇ ಬಾನೆಟ್ ಮೇಲೆ ಅಂಗೈ ಎಳೆದರು, ತಲೆ ಆಡಿಸಿದರು. ಆಮೇಲೆ ಟಾರ್ಚ್ ಹಿಡಿದು ಮಂಡಿಯೂರಿ ಕೆಳಗೆ ಬಗ್ಗಿದರು. ಚೌಕಾಸಿ ನಡೆದದ್ದು ತುಕ್ಕಿನ ಮೇಲೆ ಮಾತ್ರ, ಬಣ್ಣದ ಸುದ್ದಿಯೇ ಬರಲಿಲ್ಲ. ಗಾಡಿ ಕೊಂಡವರ ಹೆಸರಿಗೆ ಮಾಡಿಸುವ ಫಾರಂ 29, 30ಕ್ಕೆ ಭಾವ ರಜೆಗೆ ಬಂದಾಗಲೇ ಸಹಿ ಹಾಕಿದ್ದ.

ಕಾರು ತೊಳೆಯುವ ಅಂಗಡಿಯವರು ಹೇಳಿದ ದರಕ್ಕೆ ಇಂಥ ಹತ್ತು ಮುದ್ದೆ ಬರುತ್ತಿತ್ತು. ರಟ್ಟೆ ನೋವಿಗೆ ನೀವು ಬೆಲೆ ಕಟ್ಟುವವರಾದರೆ ಲೆಕ್ಕ ಬೇರೆ. ಮೇಲಿನ ಪದರ ಸಿಪ್ಪೆ ಏಳುತ್ತಿರುವ ಕಾರಿಗೆ ಸುಮ್ನೆ ದುಡ್ಡು ಹಾಕಬೇಡಿ. ಬಣ್ಣ ಗಟ್ಟಿ ಇದ್ದರೆ ಧೈರ್ಯವಾಗಿ ತಗೊಳ್ಳಿ. ಸ್ವಂತ ಕಾರಿಗೆ ವರ್ಷಕ್ಕೊಮ್ಮೆ, ದೀಪಾವಳಿ ಹೊತ್ತಿಗೆ ತಿಕ್ಕಿದರೆ ಸಾಕು. ಉಳಿದ ಚೂರಿನಿಂದ ಮುಂದಿನ ಗಾಜನ್ನೂ ತಿಕ್ಕಿ ನೋಡಿ. ನನ್ನ ಗಾಡಿಯ ವೈಪರ್ ಮಳೆಯಲ್ಲಿ ಕಿರ್ರ್ ಅನ್ನುವುದು ನಿಂತೇಹೋಯಿತು. ಹೊಸ ಬ್ಲೇಡ್ ತರೋದು ಸದ್ಯಕ್ಕೆ ಮುಂದಕ್ಕೆ ಹೋಗಿದೆ.